ಕಡಲು ಎಡಕ್ಕಿದ್ದ ಏಳು ನಿಮಿಷ

ನಾವುಂದದ ನಮ್ಮ ಮನೆಯಲ್ಲಿ ಎಡ, ಬಲ ಎನ್ನುವ ಮಾತೇ ಇರಲಿಲ್ಲ. ಏನಿದ್ದರೂ ದಿಕ್ಕು ಹಿಡಿದೇ ಹೇಳಬೇಕು. ಉಪ್ಪಿನ ಭರಣಿ ಎಲ್ಲಿ ಎಂದು ಕೇಳಿದರೆ ಅಮ್ಮ, "ಅಗಾ, ಮೂಡ್‌ಬದಿ ಗೋಡಿ ಹತ್ರವೇ ಇತ್ತಲೆ, ಕಣ್ಣ್ ಕಾಂತಿಲ್ಯಾ?" ಎನ್ನುತ್ತಿದ್ದಳು. ಊಟಕ್ಕೆ ಕೂತವರನ್ನು ಸ್ವಲ್ಪ ಬಡಗಿಗೆ ಸರಿಯಿರಿ ಎಂದು ಹೇಳುವುದು, ಅಡ್ಡ ಬಿದ್ದ ಚಪ್ಪಲಿಯನ್ನು ಪಡುವಿಗೆ ತಳ್ಳು ಎನ್ನುವುದು. ಅಪ್ಪ ಬೆನ್ನು ತುರಿಸಿಕೊಳ್ಳಲು ನನ್ನನ್ನು ಕರೆದು "ಇನ್ನೂ ಚೂರ್ ತೆಂಕಿಗೆ" ಎಂದದ್ದೂ ಉಂಟು. ಬೆನ್ನಿಗೆ ತೆಂಕು ಯಾವುದು ಎಂದು ಹೊರಗಿನವರು ನಗಬಹುದು. ನಮಗೆ ಅದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಪಡು ಎಂದರೆ ಕಡಲು, ಮೂಡು ಎಂದರೆ ಘಟ್ಟ, ಉತ್ತರಕ್ಕೆ ಬಡಗು, ದಕ್ಷಿಣಕ್ಕೆ ತೆಂಕು. ಕಡಲ ಸದ್ದು ಮನೆಯ ಒಳಗೇ ಕೇಳುತ್ತಿದ್ದುದರಿಂದ ಕಣ್ಣು ಮುಚ್ಚಿ ಗಿರಗಿರ ತಿರುಗಿಸಿ ಬಿಟ್ಟರೂ ಪಡು ಯಾವುದೆಂದು ಹೇಳುತ್ತಿದ್ದೆವು.

ರಜೆಯಲ್ಲಿ ಹಂಗಾರಕಟ್ಟೆಯ ಮಾವನ ಮನೆಗೆ ಹೋದರೆ ಅವರು ದೋಣಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಆಚೆಯವರೆಗೆ ಕರೆದುಕೊಂಡು ಹೋಗುತ್ತಿದ್ದರು. ಕಡಲಿನಿಂದ ದಡದ ಕಡೆಗೆ ಮುಖ ಮಾಡಿದರೆ ನಮ್ಮ ಊರು ಎಡಗೈ ಬದಿಗೆ, ಮಲ್ಪೆ ಬಲಗೈ ಬದಿಗೆ. ಬಡಗಿಗೆ ಹೋಗಬೇಕಾದರೆ ಎಡಕ್ಕೆ ತಿರುಗಬೇಕು. ಇದನ್ನು ಯಾರೂ ನನಗೆ ಕೂರಿಸಿ ಕಲಿಸಲಿಲ್ಲ. ಮೈಗೆ ತಾನೇ ಬಂತು, ಈಜು ಬಂದ ಹಾಗೆ.

ಹೀಗೆ ಬೆಳೆದವಳು ನಾನು ವಾಯುಪಡೆಗೆ ಹೋದೆ. ಆಗಷ್ಟೇ ಹೆಂಗಸರನ್ನು ಪೈಲಟ್ ಕೆಲಸಕ್ಕೆ ತೆಗೆದುಕೊಳ್ಳಲು ಶುರುಮಾಡಿದ್ದರು. ಪೇಪರಿನಲ್ಲಿ ಬಂದ ಜಾಹೀರಾತನ್ನು ಕತ್ತರಿಸಿಟ್ಟುಕೊಂಡಿದ್ದೆ. ಅಪ್ಪನಿಗೆ ಮುಂಬಯಿಯಲ್ಲಿ ಹೋಟೆಲು. ಫೋನಿನಲ್ಲಿ ಸುದ್ದಿ ಕೇಳಿ, ಅಮ್ಮನನ್ನು ಕೇಳು ಎಂದು ಜಾರಿಕೊಂಡರು. ಅಮ್ಮ ಬಸಳೆ ಸೋಸುತ್ತಿದ್ದವಳು ಕೈ ನಿಲ್ಲಿಸದೆಯೇ, "ಹೋಪುದಾರೆ ಹೋಗ್. ಆದ್ರೆ ಮೇಲಿಂದ ಯಾರ್ ತಲಿ ಮೇಲೂ ಎಂತದೂ ಬೀಳ್ಸ್‌ಬೇಡ ಮಾರಾಯ್ತಿ" ಎಂದಳು. ನನ್ನ ಬದುಕಿನ ದೊಡ್ಡ ತೀರ್ಮಾನಕ್ಕೆ ನಮ್ಮ ಮನೆಯಲ್ಲಿ ನಡೆದ ಚರ್ಚೆ ಇಷ್ಟೇ.

ತರಬೇತಿಯ ಕಷ್ಟಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಸನ್ಮಾನದ ಸಭೆಗಳಲ್ಲಿ ಅದನ್ನು ಹೇಳಿ ಹೇಳಿ ನನಗೇ ಬೇಜಾರು ಬಂದಿದೆ. ನಮಗಾಗಿ ಪ್ರತ್ಯೇಕ ಬಚ್ಚಲಿರಲಿಲ್ಲ, ಅಳತೆಯ ಬೂಟು ಇರಲಿಲ್ಲ, ಎಲ್ಲ ನಿಜ. ಬರೆಯಬೇಕಾದ್ದು ಬೇರೆಯೇ ಒಂದಿದೆ. ಅದನ್ನು ಇಷ್ಟು ವರ್ಷ ಅರ್ಧ ಮಾತ್ರ ಹೇಳಿಕೊಂಡು ಬಂದಿದ್ದೇನೆ.

ನಾನು ಹಾರಿಸುತ್ತಿದ್ದುದು ಎರಡು ಎಂಜಿನ್ನಿನ ಪುಟ್ಟ ಸಾಗಣೆ ವಿಮಾನ. ಸಾಮಾನು, ಜನ, ಒಮ್ಮೊಮ್ಮೆ ರೋಗಿಗಳು. ಕೆಲವು ವರ್ಷ ಸಹ ಪೈಲಟ್ ಆಗಿ ಕೂತ ಮೇಲೆ ಮುಖ್ಯ ಪೈಲಟ್ ಆಗಲು ಒಂದು ಪರೀಕ್ಷೆ ಇರುತ್ತದೆ. ಪರೀಕ್ಷಕರು ಪಕ್ಕದ ಸೀಟಿನಲ್ಲಿ ಕೂತು, ಇದು ಕೆಟ್ಟಿದೆ, ಅದು ಕೆಟ್ಟಿದೆ ಎಂದು ಒಂದೊಂದೇ ಉಪಕರಣವನ್ನು ಮುಚ್ಚುತ್ತಾ ಹೋಗುತ್ತಾರೆ. ನಾವು ಉಳಿದದ್ದರಲ್ಲಿ ಮನೆ ಸೇರಬೇಕು. ನನ್ನ ಪರೀಕ್ಷೆ ನಡೆದದ್ದು ಪೂರ್ವ ಕರಾವಳಿಯ ಒಂದು ನೆಲೆಯಲ್ಲಿ. ಪರೀಕ್ಷಕರು ಮಾತು ಕಡಿಮೆಯ ಹಿರಿಯರು. ಉಪಕರಣ ಮುಚ್ಚಲು ಹಳೆಯ ಮದುವೆ ಕಾಗದಗಳನ್ನು ಚೌಕವಾಗಿ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ದಿಕ್ಕು ತೋರಿಸುವ ದೊಡ್ಡ ಉಪಕರಣದ ಮೇಲೆ ಅವರು ಅಂಟಿಸಿದ ಚೂರಿನಲ್ಲಿ ಯಾರದ್ದೋ ಮದುವೆಯ ಅರ್ಧ ಗಣಪತಿ ಇದ್ದದ್ದು ಈಗಲೂ ಕಣ್ಣ ಮುಂದಿದೆ.

ನಾವು ಆಗ ಸಮುದ್ರದ ಮೇಲಿದ್ದೆವು. ಮೇಲೆಲ್ಲ ಮೋಡ, ಸೂರ್ಯನ ಸುಳಿವಿಲ್ಲ. ರೇಡಿಯೋ ಸಹ ಕೆಟ್ಟಿದೆ ಎಂದು ಹೇಳಿ ಅವರು ಕೈ ಕಟ್ಟಿ ಕೂತರು. ನನಗೇನೂ ಹೆದರಿಕೆಯಾಗಲಿಲ್ಲ. ದಡ ಸಿಕ್ಕಿದರೆ ಸಾಕು, ಅದರ ಜೊತೆಗೇ ಬಡಗಿಗೆ ಹೋದರೆ ನಮ್ಮ ನೆಲೆ. ಇನ್ನು ದಡ ಹುಡುಕುವುದನ್ನು ನಾವುಂದದವಳಿಗೆ ಹೇಳಿಕೊಡಬೇಕೇ? ಸ್ವಲ್ಪ ಹೊತ್ತಿಗೆ ಬಿಳಿ ನೊರೆಯ ಗೆರೆ ಕಂಡಿತು, ಹಿಂದೆ ತೆಂಗಿನ ತೋಟ, ಗದ್ದೆ. ನಾನು ಆರಾಮಾಗಿ ಎಡಕ್ಕೆ ತಿರುಗಿದೆ. ಕಡಲು ಎಡಗೈ ಬದಿಗೆ ಬಂದು ನಿಂತಿತು. ಬಡಗಿಗೆ ಹೋಗುವಾಗ ಅದು ಇರಬೇಕಾದದ್ದೇ ಅಲ್ಲಿ. ಮನಸ್ಸಿಗೆ ಎಷ್ಟು ನೆಮ್ಮದಿ ಆಯಿತೆಂದರೆ ಮೆಲ್ಲಗೆ ಏನೋ ಗುನುಗಿಕೊಂಡೆ ಸಹ.

ವಿಮಾನದ ಮುಂದಿನ ಗಾಜಿನ ಮೇಲ್ಗಡೆ ಒಂದು ಸಣ್ಣ ದಿಕ್ಸೂಚಿ ಯಾವಾಗಲೂ ಇರುತ್ತದೆ, ಎಣ್ಣೆಯಲ್ಲಿ ತೇಲುವಂಥದ್ದು. ಅದು ದಕ್ಷಿಣ ಎನ್ನುತ್ತಿತ್ತು. ನೋಡಿದೆ. ನೋಡಿಯೂ ನಂಬಲಿಲ್ಲ. ಈ ಮುದುಕ ಇದನ್ನೂ ಕೆಡಿಸಿಟ್ಟಿದ್ದಾನೆ, ನನ್ನನ್ನು ಸಿಕ್ಕಿಸಲು ನೋಡುತ್ತಿದ್ದಾನೆ ಎಂದುಕೊಂಡು ಒಳಗೊಳಗೇ ನಕ್ಕೆ. ನನ್ನ ಜಾಣತನ ಇಷ್ಟೇ! ಹಾಗೇ ಹಾರಿಸುತ್ತಾ ಹೋದೆ.

ಏಳು ನಿಮಿಷದ ಮೇಲೆ ಮೋಡ ಒಂದು ಕಡೆ ತೆಳ್ಳಗಾಗಿ ಸಂಜೆ ನಾಲ್ಕರ ಸೂರ್ಯ ಕಂಡಿತು. ಕಂಡದ್ದು ಗದ್ದೆಗಳ ಮೇಲೆ. ಮಧ್ಯಾಹ್ನ ಕಳೆದ ಸೂರ್ಯ ಗದ್ದೆಯ ಮೇಲಿರುವುದನ್ನು ಊರಿನಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ನಮ್ಮಲ್ಲಿ ಅದು ಕಡಲ ಮೇಲಿರುತ್ತದೆ. ಆಗ ತಲೆಗೆ ಹೊಳೆಯಿತು, ಇದು ಬೇರೆ ಕಡಲು, ಇಲ್ಲಿ ಕಡಲು ಇರುವುದು ಮೂಡುಬದಿಗೆ ಎಂದು. ಆ ಊರಿಗೆ ಬಂದು ಎಂಟು ತಿಂಗಳಾಗಿತ್ತು. ನಕ್ಷೆ ತೋರಿಸಿ, ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಸರಿಯಾಗಿ ಹೇಳುತ್ತಿದ್ದೆ. ಆದರೆ ತಲೆಗೆ ಗೊತ್ತಿದ್ದದ್ದು ಮೈಗೆ ಗೊತ್ತಿರಲಿಲ್ಲ. ವಿಮಾನ ತಿರುಗಿಸಿ ಕಡಲನ್ನು ಬಲಗೈ ಬದಿಗೆ ಹಾಕಿಕೊಂಡೆ. ಪರೀಕ್ಷಕರು ಕಿಟಕಿಯ ಆಚೆ ನೋಡುತ್ತಿದ್ದರು.

ಇಳಿದ ಮೇಲೆ ಅವರ ಕೋಣೆಯಲ್ಲಿ ಕೇಳಿದರು. "ದಡ ಸಿಕ್ಕ ಮೇಲೆ ಮೊದಲು ದಕ್ಷಿಣಕ್ಕೆ ಏಕೆ ಹೋದೆ?"

ಸನ್ಮಾನದ ಸಭೆಗಳಲ್ಲಿ ನಾನು ಈ ಕತೆಯನ್ನು ಸೂರ್ಯ ಕಂಡಲ್ಲಿಗೇ ನಿಲ್ಲಿಸುತ್ತೇನೆ. ಜನ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಹಾರ ಹಾಕುತ್ತಾರೆ. ಆ ಕೋಣೆಯಲ್ಲಿ ನಾನು ಕೊಟ್ಟ ಉತ್ತರವನ್ನು ಎಲ್ಲಿಯೂ ಹೇಳಿಲ್ಲ. "ತೆಂಕಿನಲ್ಲಿ ಒಂದು ಹೊಳೆಯ ಅಳಿವೆ ಇದೆ ಸರ್. ನಾವು ಎಲ್ಲಿದ್ದೇವೆ ಎಂದು ಅದನ್ನು ನೋಡಿ ಖಚಿತ ಮಾಡಿಕೊಂಡೆ, ಆಮೇಲೆ ತಿರುಗಿಸಿದೆ" ಎಂದೆ. ನಕ್ಷೆಯಲ್ಲಿ ಅಲ್ಲೊಂದು ಅಳಿವೆ ಇದ್ದದ್ದು ನನ್ನ ಪುಣ್ಯ. ಒಂದು ಅಕ್ಷರವೂ ತಡವರಿಸಲಿಲ್ಲ. ಅವರು ನನ್ನ ಮುಖ ಒಮ್ಮೆ ನೋಡಿ, ಹಾಳೆಯಲ್ಲಿ "ಎಚ್ಚರಿಕೆಯ ಪೈಲಟ್" ಎಂದು ಬರೆದು ಪಾಸು ಮಾಡಿದರು.

ಏಕೆ ಹಾಗೆ ಹೇಳಿದೆ ಎಂಬುದಕ್ಕೆ ಒಳ್ಳೆಯ ಕಾರಣವೂ ಇತ್ತು. ಬಾಗಿಲ ಹೊರಗೆ ನನ್ನ ಹಾಗೆಯೇ ಪರೀಕ್ಷೆಗೆ ಕಾದಿದ್ದ ಇಬ್ಬರು ಹೆಣ್ಣುಮಕ್ಕಳಿದ್ದರು. ಹೆಂಗಸರಿಗೆ ಹೇಗೂ ದಿಕ್ಕು ತಿಳಿಯುವುದಿಲ್ಲ ಎಂದು ಮೆಸ್ಸಿನಲ್ಲಿ ಕಿಸಕ್ಕೆನ್ನುತ್ತಿದ್ದ ಗಂಡಸರು ಇದ್ದರು. ನಾನು ಬಾಯಿ ಬಿಟ್ಟಿದ್ದರೆ ಅವರಿಗೆ ವರ್ಷಕ್ಕಾಗುವಷ್ಟು ನಗೆ. ಈ ಕಾರಣವನ್ನು ನಾನು ಬಹಳ ಸಲ ನನಗೆ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಆ ಸೀಟು ಬೇಕಿತ್ತು, ಅಷ್ಟೇ.

ಆಮೇಲೆ ಹನ್ನೆರಡು ವರ್ಷ ಹಾರಿಸಿದೆ. ಒಮ್ಮೆಯೂ ದಾರಿ ತಪ್ಪಲಿಲ್ಲ. ತಪ್ಪಿದವಳಿಗೆ ಬರುವ ಹೆದರಿಕೆ ನನ್ನನ್ನು ಕಾಯುತ್ತಿತ್ತು. ಸೇವೆಯ ಕೊನೆಕೊನೆಗೆ ನಾನೇ ಪರೀಕ್ಷಕಿಯಾದೆ. ಅದೇ ಪೂರ್ವ ಕರಾವಳಿಯ ನೆಲೆ.

ಒಂದು ದಿನ ಪರೀಕ್ಷೆಗೆ ಬಂದವಳ ಕಡತದಲ್ಲಿ ಊರು ಬ್ರಹ್ಮಾವರ ಎಂದಿತ್ತು. ಇಪ್ಪತ್ತೈದರ ಹುಡುಗಿ. ಮೊದಲ ಪರೀಕ್ಷೆಯಲ್ಲಿ ವಿಮಾನ ಇಳಿಸುವಾಗ ತಪ್ಪು ಮಾಡಿ ಫೇಲಾಗಿದ್ದಳು. ಇದು ಎರಡನೆಯದು ಮತ್ತು ಕೊನೆಯದು. ಇದರಲ್ಲೂ ಹೋದರೆ ಅವಳ ಹಾರಾಟ ಮುಗಿದಂತೆ, ಉಗ್ರಾಣದ ಕೆಲಸಕ್ಕೋ ಕಚೇರಿಗೋ ಹಾಕುತ್ತಾರೆ. ನಾನು ಯಾವ ಊರಿನವಳೆಂದು ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ, ನನ್ನನ್ನು ಕಂಡಾಗ ಮುಖ ಸ್ವಲ್ಪ ಅರಳಿತು. ನಾನು ಅರಳಿಸಲಿಲ್ಲ. ಇಂಗ್ಲಿಷಿನಲ್ಲಿ ಎರಡು ಮಾತಾಡಿ ವಿಮಾನ ಹತ್ತಿದೆ. ಊರಿನವಳೆಂದು ಸಲುಗೆ ತೋರಿಸಿದಳು ಎಂದು ನಾಳೆ ಯಾರಾದರೂ ಅನ್ನಬಾರದಲ್ಲ.

ಬೆಳಿಗ್ಗೆ ಮೋಡವಿತ್ತು. ಸಮುದ್ರದ ಮೇಲೆ ಹೋದ ಮೇಲೆ ಉಪಕರಣಗಳನ್ನು ಮುಚ್ಚಿ, ಮನೆಗೆ ಕರೆದುಕೊಂಡು ಹೋಗು ಎಂದೆ. ದಡ ಕಂಡಿತು. ಹುಡುಗಿ ನೆಮ್ಮದಿಯಿಂದ ಉಸಿರು ಬಿಟ್ಟು ಎಡಕ್ಕೆ ತಿರುಗಿಸಿದಳು.

ಅವಳ ಭುಜ ಸಡಿಲಾದದ್ದು, ಕಡಲನ್ನು ಎಡಗೈ ಬದಿಗೆ ಇಟ್ಟುಕೊಂಡು ಸೀಟಿನಲ್ಲಿ ಸರಿಯಾಗಿ ಕೂತದ್ದು, ಎಲ್ಲವೂ ನನಗೆ ಒಳಗಿನಿಂದ ಗೊತ್ತಿತ್ತು. ಇಡೀ ವಾಯುಪಡೆಯಲ್ಲಿ ಆ ಹುಡುಗಿಗೆ ಏನಾಗುತ್ತಿದೆ ಎಂದು ತಿಳಿದಿದ್ದ ಒಬ್ಬಳೇ ಒಬ್ಬಳು ಅವಳ ಪಕ್ಕದಲ್ಲೇ ಕೂತಿದ್ದಳು. ನಾನು ಕಿಟಕಿಯ ಆಚೆ ನೋಡಿದೆ. ಐದು ನಿಮಿಷಕ್ಕೆ ಅವಳ ಕಣ್ಣು ಸಣ್ಣ ದಿಕ್ಸೂಚಿಯ ಮೇಲೆ ಬಿತ್ತು. ಅವಳು ಅದನ್ನು ನಂಬಿದಳು. ಒಡನೆ ವಿಮಾನ ತಿರುಗಿಸಿದಳು, ಚೊಕ್ಕವಾಗಿ ಇಳಿಸಿದಳು.

ಕೋಣೆಯಲ್ಲಿ ಕೇಳಿದೆ, ಮೊದಲು ದಕ್ಷಿಣಕ್ಕೆ ಏಕೆ ಹೋದೆ ಎಂದು. ಅವಳು ಇಂಗ್ಲಿಷಿನಲ್ಲಿ ಬಾಯಿ ತೆರೆದವಳು ನಿಲ್ಲಿಸಿದಳು. ಆಮೇಲೆ ನಮ್ಮ ಭಾಷೆಯಲ್ಲೇ ಹೇಳಿದಳು. "ದಿಕ್ಕ್ ತಪ್ಪಿ ಹೋಯ್ತ್ ಮೇಡಂ. ಕಡ್ಲ್ ಪಡುಬದಿ ಅಂದ್ಹೇಳಿ ಮೈಯಂಗೇ ಕೂತಿತ್. ತಲಿಗ್ ಗೊತ್ತಿತ್, ಮೈ ಕೇಂತಿಲ್ಲೆ."

ಎಷ್ಟೋ ವರ್ಷದ ಮೇಲೆ ಆ ಕೋಣೆಗಳಲ್ಲಿ ನಮ್ಮ ಊರಿನ ಮಾತು ಕಿವಿಗೆ ಬಿದ್ದಿತ್ತು. ನಾನು ಇಂಗ್ಲಿಷಿನಲ್ಲಿ, ಕಾಗದ ಓದುವ ದನಿಯಲ್ಲಿ, ಸರಿ, ಹೋಗಬಹುದು ಎಂದೆ. ಹಾಳೆಯಲ್ಲಿ "ದಿಕ್ಕಿನ ಅರಿವು ಸಾಲದು" ಎಂದು ಬರೆದೆ. ಅವಳು ಸೆಲ್ಯೂಟ್ ಹೊಡೆದು ಹೋದಳು. ಏಳು ನಿಮಿಷದವಳು ಐದು ನಿಮಿಷದವಳನ್ನು ಫೇಲು ಮಾಡಿದಳು.

ನಿಯಮದ ಪ್ರಕಾರ ನಾನು ಬರೆದದ್ದರಲ್ಲಿ ತಪ್ಪಿಲ್ಲ. ಕೊನೆಯ ಪರೀಕ್ಷೆಯಲ್ಲಿ ಐದು ನಿಮಿಷ ತಿರುಗಾಮುರುಗಾ ಹಾರಿಸಿದವಳನ್ನು ಯಾರೂ ಪಾಸು ಮಾಡುವುದಿಲ್ಲ. ಆದರೆ ನನಗೆ ಸಹಿಸಲಿಕ್ಕೆ ಆಗದೆ ಹೋದದ್ದು ಅವಳ ತಪ್ಪಲ್ಲ, ಅವಳು ನಿಜ ಹೇಳಿದ್ದು. ಮೂರು ದಿನ ಎಲ್ಲರ ಮೇಲೆ ರೇಗಾಡಿದೆ. ಅವಳನ್ನು ಸಾಮಾನು ಸರಬರಾಜಿನ ವಿಭಾಗಕ್ಕೆ ಹಾಕಿದರೆಂದು ಮುಂದೆ ತಿಳಿಯಿತು. ಫೋನ್ ಮಾಡಬೇಕೆಂದುಕೊಂಡೆ, ಮಾಡಲಿಲ್ಲ. ನಾಚಿಕೆ ಎನ್ನುವುದು ದಿನ ಹೋದಂತೆ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾನೀಗ ತೆಕ್ಕಟ್ಟೆಯಲ್ಲಿ ಹೆದ್ದಾರಿ ಬದಿಯ ಹೊಸ ಮನೆಯಲ್ಲಿ ಅಮ್ಮನ ಜೊತೆಗಿದ್ದೇನೆ. ಅಮ್ಮನಿಗೆ ಎಂಬತ್ತು ದಾಟಿದೆ, ನಾಲಿಗೆಗೆ ಇನ್ನೂ ಇಪ್ಪತ್ತು. ಮನೆಗೆ ಬಂದವರಿಗೆಲ್ಲ ನನ್ನ ಸಮವಸ್ತ್ರದ ಫೋಟೋ ತೋರಿಸಿ, "ಇಷ್ಟ್ ವರ್ಷಂಗೆ ಒಂದ್ ದಿನ ದಾರಿ ತಪ್ಪಿದವ್ಳಲ್ಲ ಕಾಣಿ" ಎನ್ನುತ್ತಾಳೆ. ನಾನು ಚಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಹೋದ ವರ್ಷ ಬ್ರಹ್ಮಾವರದ ಒಂದು ಕಾಲೇಜಿನಿಂದ ಮಕ್ಕಳೊಡನೆ ಮಾತಾಡಲು ಕರೆ ಬಂತು. ಅಲ್ಲಿಯವರೆಗೆ ಯಾವ ಸಭೆಗೂ ಬಾರದ ಅಮ್ಮ, ನಾನೂ ಬತ್ತೆ ಎಂದು ರೇಷ್ಮೆ ಸೀರೆ ಉಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಹೆದ್ದಾರಿ ಬಿಟ್ಟ ಮೇಲೆ ಡ್ರೈವರನ ಫೋನಿನ ಹೆಂಗಸು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎನ್ನತೊಡಗಿದಳು. ಅಮ್ಮನಿಗೆ ತಡೆಯಲಿಲ್ಲ. "ಎಡ ಅಂದ್ರೆ ಯಾರ್ ಎಡ? ಅವ್ಳದ್ದಾ, ನಮ್ದಾ? ಹ್ವಾಯ್, ಅವ್ಳ್ ಮಾತ್ ಕೇಣ್ಬೇಡಿ, ಸೀದಾ ಮೂಡ್‌ಬದಿಗ್ ಬಿಡಿ" ಎಂದಳು. ಡ್ರೈವರ ಅಮ್ಮನ ಮಾತನ್ನೇ ಕೇಳಿದ, ನಾವು ಹೊತ್ತಿಗೆ ಸರಿಯಾಗಿ ತಲುಪಿದೆವು.

ಗೇಟಿನಲ್ಲಿ ಎದುರುಗೊಳ್ಳಲು ಹತ್ತಿ ಸೀರೆಯ ಒಬ್ಬಳು ನಿಂತಿದ್ದಳು. "ಬನಿ ಮೇಡಂ" ಎಂದಳು. ಮೈ ಸ್ವಲ್ಪ ತುಂಬಿತ್ತು, ಕನ್ನಡಕ ಬಂದಿತ್ತು. ಆದರೂ ಒಂದು ಕ್ಷಣವೂ ಬೇಕಾಗಲಿಲ್ಲ. ಅವಳೇ. ಸೇವೆ ಮುಗಿಸಿ ಊರಿಗೆ ಬಂದು ಆ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ವೇದಿಕೆಯ ಮೇಲೆ ನನ್ನನ್ನು ಪರಿಚಯಿಸಿದ್ದೂ ಅವಳೇ. ನಾನು ಮಾಡಿದ್ದನ್ನೆಲ್ಲ ಚೆನ್ನಾಗಿ, ಹೆಚ್ಚು ಕಡಿಮೆ ಇಲ್ಲದೆ ಹೇಳಿದಳು. ತನ್ನ ವಿಷಯ ಒಂದು ಶಬ್ದವೂ ಎತ್ತಲಿಲ್ಲ.

ಇವತ್ತು ಆ ಕಡಲಿನ ಕತೆ ಬೇಡ ಎಂದು ನಿಶ್ಚಯಿಸಿಕೊಂಡು ಬೇರೆ ಏನೇನೋ ಮಾತಾಡಿದೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಮೇಡಂ, ನಿಮಗೆ ಯಾವತ್ತಾದರೂ ಆಕಾಶದಲ್ಲಿ ದಾರಿ ತಪ್ಪಿದ್ದುಂಟಾ?"

ಇಲ್ಲ ಎನ್ನಬಹುದಿತ್ತು. ಅಮ್ಮ ಮುಂದಿನ ಸಾಲಿನಲ್ಲಿ ಆಗಲೇ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಗೋಡೆಗೆ ಒರಗಿ ನಿಂತಿದ್ದ ಆ ಗಣಿತದ ಅಧ್ಯಾಪಕಿ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳತೊಡಗಿದೆ. ಮದುವೆ ಕಾಗದದ ಗಣಪತಿ, ಎಡಗೈ ಬದಿಯ ಕಡಲು, ಏಳು ನಿಮಿಷ, ಗದ್ದೆಯ ಮೇಲಿನ ಸೂರ್ಯ. ಅವಳಿಗೆ ತಿಳಿಯಲಿ ಎಂದೇ ಹೇಳಿದೆ. ಇದೂ ಒಂಥರಾ ತಪ್ಪೊಪ್ಪಿಗೆ ಎಂದು ನನ್ನ ಮನಸ್ಸು ಹೇಳಿತು. ಆದರೆ ಬಾಯಿಗೆ ಅಭ್ಯಾಸವಾದ ಕಡೆಯಲ್ಲೇ ಕತೆ ನಿಂತಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕಳು, ಸ್ವಲ್ಪ ಸಿಟ್ಟಿನಿಂದ. ಗೋಡೆಯ ಹತ್ತಿರ ನಿಂತವಳು ಮಾತ್ರ ನಗಲಿಲ್ಲ.

ಆಮೇಲೆ ಅಧ್ಯಾಪಕರ ಕೋಣೆಯಲ್ಲಿ ಚಾ, ಗೋಳಿಬಜೆ ಇಟ್ಟಿದ್ದರು. ಪ್ರಾಂಶುಪಾಲರ ಹೆಂಡತಿ ನಾವುಂದದವರೆಂದು ತಿಳಿದು ಅಮ್ಮ ಅವರನ್ನು ಹಿಡಿದುಕೊಂಡು ಯಾರ ಮನೆಯವರು, ಯಾರ ಮಗಳು ಎಂದು ಹೊರಗಿನ ಜಗಲಿಯಲ್ಲೇ ಶುರುಮಾಡಿದ್ದಳು. ಉಳಿದವರು ಗಂಟೆ ಹೊಡೆದದ್ದಕ್ಕೆ ತರಗತಿಗೆ ಹೋದರು. ನಾವಿಬ್ಬರೇ ಉಳಿದೆವು. ಅವಳು ನನ್ನ ಲೋಟಕ್ಕೆ ಚಾ ಬಗ್ಗಿಸಿ, ನಮ್ಮ ಭಾಷೆಯಲ್ಲೇ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಳ್ದ್ ಮೇಲ್ ನಿಮ್ಮನ್ನೂ ಕೇಂಡಿರ್ಕ್ ಅಲ್ದಾ ಮೇಡಂ, ತೆಂಕಿಗ್ ಎಂತಕ್ ಹೋದ್ದ್ ಅಂದ್ಹೇಳಿ? ನೀವ್ ಎಂತ ಹೇಳಿದ್ರಿ?"

"ಸುಳ್ಳ್ ಹೇಳ್ದೆ" ಎಂದೆ. "ಅಳಿವೆ ಕಾಂಬುಕ್ ಹೋದ್ದ್ ಅಂದೆ."

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಕಿಟಕಿಯ ಹೊರಗೆ ಮಕ್ಕಳು ವಾಲಿಬಾಲ್ ಆಡುತ್ತಿದ್ದರು. ಕ್ಷಮಿಸು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಅವತ್ತ್ ನಾನೂ ಹಾಂಗೇ ಹೇಳಿದ್ರೆ, ನೀವ್ ಪಾಸ್ ಮಾಡ್ತಿದ್ರ್ಯಾ?"

ಬಹಳ ಯೋಚಿಸಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಉತ್ತರ ನನಗೆ ಅಂದಿನಿಂದಲೂ ಗೊತ್ತಿತ್ತು. ಅವತ್ತೂ ಎದುರಿಗೆ ನಕ್ಷೆ ಇತ್ತು, ನಕ್ಷೆಯಲ್ಲಿ ಅದೇ ಅಳಿವೆ ಇತ್ತು. ಅವಳ ಕಣ್ಣು ತಪ್ಪಿಸದೆ, "ಹೌದ್. ಪಾಸ್ ಮಾಡ್ತಿದ್ದೆ" ಎಂದೆ.

ಅವಳು ಮೆಲ್ಲಗೆ ತಲೆಯಾಡಿಸಿದಳು. "ಅಳಿವೆ ಮಾತ್ ನಂಗೂ ಗೊತ್ತಿತ್ ಮೇಡಂ. ಪರೀಕ್ಷೆಗೆ ಹೋಪುಕ್ ಮುಂಚೆಯೇ ನಮ್ಮ್ ಬ್ಯಾಚಿನ ಹುಡ್ಗ್ರೆಲ್ಲ ಹೇಳಿಕೊಟ್ಟಿದ್ರ್, ದಾರಿ ತಪ್ಪಿರೆ ಹೀಂಗ್ ಹೇಳ್ ಅಂದ್ಹೇಳಿ. ಬಾಯಿಗೂ ಬಂದಿತ್. ಎದ್ರಿಗ್ ಕೂತದ್ದ್ ನಮ್ಮ್ ಊರಿನವ್ರ್, ಇವ್ರಿಗಾರೂ ಅರ್ಥ ಆತ್ತ್ ಅಂದ್ಹೇಳಿ ನಿಜ ಹೇಳ್ದೆ."